ಲಾಗ್ ಬುಕ್, ಪುಟ ಹದಿನೇಳು

ಒಂದೊಂದನ್ನೂ ಹತ್ತು ಸಲ ಮಾಡಬೇಕು, ಹತ್ತು ಸಹಿ ಬೇಕು.
ಹಾಸಿಗೆ ಹಾಸಿದ್ದಾಯಿತು, ಮೂಲೆ ಮಡಿಸಿದ್ದಾಯಿತು,
ನಾಡಿ, ಜ್ವರ, ಬಿ.ಪಿ. ಮುಗಿದು ಎಷ್ಟೋ ತಿಂಗಳು.
ಇಂಜೆಕ್ಷನ್ ಎಂಟಕ್ಕೆ ಬಂದು ನಿಂತಿದೆ.
ಪುಟ ಹದಿನೇಳೊಂದು ಖಾಲಿ:
ಆಪರೇಷನ್ನಿಗೆ ಮುಂಚೆ ಚರ್ಮದ ಸಿದ್ಧತೆ.

ಆ ಸರದಿ ಬಂದಾಗಲೆಲ್ಲ ನಾನು
ಬೇರೆಯವರ ಬೆಡ್‌ಪ್ಯಾನ್ ಎತ್ತಿಕೊಂಡು ಹೊರಟುಬಿಡುತ್ತಿದ್ದೆ.
ಬ್ಲೇಡ್ ಕಂಡರೆ ಭಯಾನಾ, ಕೇಳಿದ್ದಳು ರೂಮ್‌ಮೇಟ್ ಜಿನ್ಸಿ
ತನ್ನ ಮಲಯಾಳದ ಕನ್ನಡದಲ್ಲಿ.
ಹೂಂ ಅಂದಿದ್ದೆ.

ಸುಳ್ಳು.
ಕತ್ತಿಯನ್ನು ಎಷ್ಟು ಓರೆ ಹಿಡಿಯಬೇಕೆಂದು
ಮಗ್ಗಿ ಬರುವ ಮೊದಲೇ ನನಗೆ ಬರುತ್ತಿತ್ತು.
ಮುದಗಲ್ಲಿನ ನಮ್ಮ ಮನೆಯಲ್ಲಿ ಬೆಳಕು ಹರಿಯುತ್ತಿದ್ದುದೇ
ತೊಗಲಿನ ಪಟ್ಟಿಗೆ ಅಪ್ಪ ಕತ್ತಿ ಮಸೆಯುವ ಸದ್ದಿಗೆ.
ದೊಡ್ಡವರ ಮನೆಗೆ ಅವನು ಹಿತ್ತಲಿಂದ ಹೋಗುತ್ತಿದ್ದ.
ಗಡ್ಡ ಕೆರೆದು ಈಚೆ ಬಂದನೋ ಇಲ್ಲವೋ
ಒಳಗೆ ಬಚ್ಚಲಲ್ಲಿ ತಂಬಿಗೆಯ ಸಪ್ಪಳ,
ಇವನ ಕೈ ತಾಗಿದ್ದನ್ನು ತೊಳೆದುಕೊಳ್ಳುತ್ತಿದ್ದರು.
ಪೆಟ್ಟಿಗೆ ಹೊತ್ತು ಹಿಂದೆ ನಡೆವ ನನಗೆ ಅಪ್ಪ ಅನ್ನುತ್ತಿದ್ದ:
ನೀ ಓದವ್ವಾ. ಈ ಪೆಟ್ಟಿಗಿ ನಿನಗ ಬ್ಯಾಡ.

ಈಗ ಮೂರನೇ ವರ್ಷ. ಮಾರ್ಕೆಟ್ಟಿನ ಹತ್ತಿರದ ದೊಡ್ಡಾಸ್ಪತ್ರೆ,
ಬೆಳಗಿನ ನಾಲ್ಕೂವರೆ. ಕಿಟಕಿಯಾಚೆ
ಹಿಂದೆ ಸರಿಯುವ ಹೂವಿನ ಲಾರಿಗಳ ಪೀ ಪೀ.
ಹನ್ನೊಂದನೇ ಬೆಡ್ಡಿನ ಮುನಿಲಕ್ಷ್ಮಮ್ಮ, ಹೂ ಕಟ್ಟುವಾಕೆ,
ಮೆದುಳಲ್ಲೊಂದು ಗಂಟು, ಆರೂವರೆಗೆ ಥಿಯೇಟರು.
ತಲೆ ಬೋಳಿಸುವ ಹನುಮಂತು ಬಂದಿಲ್ಲ.
ಟ್ರಿಮ್ಮರಿನ ಚಾರ್ಜ್ ಸತ್ತಿದೆ.
ಯಾರು ಮಾಡ್ತೀರಿ, ಎಂದರು ಇನ್‌ಚಾರ್ಜ್ ಜ್ಞಾನಮ್ಮ ಸಿಸ್ಟರ್.
ಜಿನ್ಸಿ ನೆಲ ನೋಡಿದಳು, ಉಳಿದವರು ಜಿನ್ಸಿಯನ್ನು.
ಟ್ರೇ ನನ್ನ ಕೈಗೆ ಹೇಗೆ ಬಂತೋ.

ಗಂಡ ಇರೋಳಿಗೆ ತಲೆ ಬೋಳಿಸ್ತಾರೇನಮ್ಮಾ
ಎಂದು ಅತ್ತಳು ಆಕೆ, ಜಡೆಯನ್ನು ಎರಡೂ ಕೈಲಿ ಹಿಡಿದು.
ಪುಸ್ತಕದಲ್ಲಿದೆ: ವಿಧಾನ ವಿವರಿಸಿ, ಒಪ್ಪಿಗೆ ಪಡೆಯಿರಿ.
ಬಾಯಿಗೆ ಬಂದದ್ದು ಅದಲ್ಲ.
ಮಲ್ಲಿಗೆ ಮೊಳಕ್ಕೆ ಎಷ್ಟಮ್ಮ ಈಗ, ಎಂದೆ.
ಅಪ್ಪ ಹೀಗೆಯೇ, ಮೊದಲು ಮಾತು, ಆಮೇಲೆ ನೀರು.
ದರ ಹೇಳುತ್ತ, ಮೊಳದಲ್ಲಿ ಮೋಸ ಮಾಡುವವರನ್ನೆಲ್ಲ
ಹೆಸರು ಹಿಡಿದು ಬೈಯುತ್ತ ಬೈಯುತ್ತ
ಜಡೆ ಬಿಟ್ಟಳು.

ಒಪ್ಪಿಗೆಯೇನಮ್ಮ, ಆಗ ಕೇಳಿದೆ. ಹೂಂ ಮಾಡು ಎಂದಳು.

ಬಿಸಿನೀರಲ್ಲಿ ನೆನೆಸಿದೆ. ಹೆಬ್ಬೆರಳಲ್ಲಿ ಚರ್ಮ ಎಳೆದು ಹಿಡಿದು
ನೆತ್ತಿಯಿಂದ ಇಳಿದೆ, ಕಿವಿಯ ಹತ್ತಿರ ಉಸಿರು ಕಟ್ಟಿ.
ಒಂದು ಗೀರಿಲ್ಲ.
ಕೈ ಹಗುರ ತಾಯಿ, ಎಲ್ಲಿ ಕಲಿತೆ?
ಮೂರು ವರ್ಷದಿಂದ ಈ ಊರಲ್ಲಿ
ಅಪ್ಪಂದು ಬಿಸಿನೆಸ್ ಎಂದೇ ಹೇಳಿಕೊಂಡು ಬಂದವಳು
ಜಿನ್ಸಿಗೂ ಕೇಳುವಂತೆ ಅಂದೆ:
ನಮ್ಮಪ್ಪನ ಹತ್ತಿರ.

ಕೂದಲನ್ನು ಕವರಿಗೆ ಹಾಕಿ, ಹೆಸರು ಬರೆದು, ಮಗಳ ಕೈಗೆ ಕೊಟ್ಟು
ನಲ್ಲಿಯ ಬಳಿ ನಿಂತೆ. ಅಂಗೈ, ಹಿಂಗೈ, ಬೆರಳ ಸಂದು, ಉಗುರು.
ಮುಟ್ಟುವ ಮೊದಲೂ ತೊಳೆದಿದ್ದೆನಲ್ಲ.
ಇಲ್ಲಿ ತೊಳೆದುಕೊಳ್ಳುವುದು ಮುಟ್ಟುವವರು,
ಮುಟ್ಟಿಸಿಕೊಳ್ಳುವವರ ಸಲುವಾಗಿ.
ಇಷ್ಟು ಸಣ್ಣದು ತಿಳಿಯಲು
ಒಂದು ಇಡೀ ರಾತ್ರಿಯ ಬಸ್ಸಿನಷ್ಟು ದೂರ ಬರಬೇಕಾಯಿತು.

ಜ್ಞಾನಮ್ಮ ಸಿಸ್ಟರ್ ಟಾರ್ಚ್ ಹಿಡಿದು ತಲೆ ನೋಡಿದರು.
ಶಹಬ್ಬಾಸ್ ಗಿಹಬ್ಬಾಸ್ ಏನಿಲ್ಲ. ಪುಟ ಹದಿನೇಳಕ್ಕೆ ಸಹಿ ಎಳೆದು,
ನಾಳೆ ಇಬ್ಬರಿದ್ದಾರೆ, ಜಿನ್ಸಿಗೆ ನೀನೇ ತೋರಿಸು, ಎಂದರು.

ಎಂಟಕ್ಕೆ ಪಾಳಿ ಮುಗಿದು
ಕಲಾಸಿಪಾಳ್ಯದ ಕಡೆ ನಡೆಯುವಾಗ ಅಪ್ಪನ ಫೋನು.
ನಾಷ್ಟಾ ಆತು?
ಆತು.
ಏನ್ ಕಲಿಸಿದ್ರವ್ವಾ ಇವತ್ತ?
ಬಸ್ಸಿನ ಗದ್ದಲ, ಕೇಳವಲ್ದಪ್ಪಾ, ಎಂದೆ.

ಮುನಿಲಕ್ಷ್ಮಮ್ಮ ಇನ್ನೂ ಥಿಯೇಟರಿನಲ್ಲಿದ್ದಾಳೆ.
ಇನ್ನೂ ಒಂಬತ್ತು ಸಹಿ ಬೇಕು.